ಉರಿಯುವ ಹನಿಯೊಳಗಿನ ನೀರು

ಬಾಯ್ಲರಿನ ಕಿಂಡಿಯಿಂದ ಬೆಂಕಿ ಹೊರಗೆ ಬಂದಾಗ ನಾನು ಅದಕ್ಕೆ ಬೆಂಕಿ ಹಚ್ಚಿ ನಡೆಸುವ ಫೈರ್‌ಮನ್‌ನ ಪಕ್ಕದಲ್ಲೇ ನಿಂತಿದ್ದೆ. ಕಿವಿ ಒಡೆಯುವ ಸದ್ದೇನೂ ಆಗಲಿಲ್ಲ. ದಪ್ಪ ಚಾದರವನ್ನು ಝಾಡಿಸಿದ ಹಾಗೆ ಒಮ್ಮೆ ಭಪ್ ಎಂದಿತು, ಅಷ್ಟೆ. ನೀಲಿ ಉರಿ ಹೊರಗೆ ಬಂದು, ಆತನ ಬಲಗೈಯನ್ನು ಮೊಣಕೈವರೆಗೆ ಸವರಿ, ಮತ್ತೆ ಒಳಗೆ ಹೋಯಿತು. ಹುಬ್ಬು ಸುಟ್ಟ ವಾಸನೆ ಬಂತು. ಆತ ಕೂಗಲಿಲ್ಲ. ಎಡಗೈಯಿಂದ ಇಂಧನದ ವಾಲ್ ತಿರುಗಿಸಿ ಬಂದ್ ಮಾಡಿದ, ಆಮೇಲೆ ನೆಲದ ಮೇಲೆ ಕುಳಿತುಬಿಟ್ಟ.

ಕೊಲ್ಲಿ ದೇಶಗಳ ಎಣ್ಣೆ ತುಟ್ಟಿಯಾಗಿ ಎಲ್ಲ ಕಾರ್ಖಾನೆಗಳೂ ಕಂಗಾಲಾಗಿದ್ದ ಎಪ್ಪತ್ತರ ದಶಕದ ನಡುವಿನ ಮಾತು ಇದು. ಅಕ್ಕಲಕೋಟೆ ತಾಲೂಕಿನ ಆ ಕಾರ್ಖಾನೆಯಲ್ಲಿ ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆಯುತ್ತಿದ್ದರು. ಬಾಯ್ಲರಿಗೆ ಎಣ್ಣೆ ಸಿಗದಿದ್ದರೆ ಮನೆಯಲ್ಲೇ ಇರುವ ಸ್ಪಿರಿಟನ್ನೇ ಯಾಕೆ ಸುಡಬಾರದು ಎಂದು ಮ್ಯಾನೇಜರಿಗೆ ಹೊಳೆದಿತ್ತು. ನಾನು ಸೊಲ್ಲಾಪುರದ ಒಂದು ಚಾದರ ವ್ಯಾಪಾರಿಗಳ ಮನೆಯ ಹುಡುಗ, ಇಂಜಿನಿಯರಿಂಗ್ ಮುಗಿಸಿ ಪುಣೆಯ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆಗೆ ಹೆಸರು ಹಚ್ಚಿದ್ದೆ. ದ್ರವ ಇಂಧನದ ಹನಿ ಹೇಗೆ ಆವಿಯಾಗಿ ಆರುತ್ತದೆ, ಹೇಗೆ ಉರಿಯುತ್ತದೆ ಎಂಬುದೇ ನನ್ನ ವಿಷಯ. ಹಳ್ಳಿಗೊಬ್ಬನೇ ಪಂಡಿತ ಎನ್ನುವಂತೆ ಮ್ಯಾನೇಜರ್ ನನ್ನನ್ನು ಕರೆಸಿದರು.

ನನ್ನಿಂದ ಅವರಿಗೆ ಬೇಕಾದದ್ದು ಒಂದೇ ಉತ್ತರ: ಬಾಯ್ಲರಿನ ಮುಂದೆ ಇಟ್ಟಿಗೆಯಲ್ಲಿ ಕಟ್ಟುವ ಉರಿಯ ಕೋಣೆ ಎಷ್ಟು ಉದ್ದ ಇರಬೇಕು? ಬರ್ನರ್ ಸ್ಪಿರಿಟನ್ನು ಮಂಜಿನಂತೆ ಸಿಂಪಡಿಸುತ್ತದೆ. ಒಂದೊಂದು ಹನಿಯೂ ಹಾರುತ್ತಲೇ ಉರಿದು ಹಿಂದಿನ ಗೋಡೆ ಮುಟ್ಟುವಷ್ಟರಲ್ಲಿ ಮುಗಿದುಹೋಗಬೇಕು. ಮುಗಿಯದೆ ಗೋಡೆಗೆ ಬಡಿದರೆ ಅಲ್ಲಿ ತೇವ ಕೂಡುತ್ತದೆ. ಇಟ್ಟಿಗೆ ಕಾಯುತ್ತಿದ್ದಂತೆ ಆ ತೇವ ಆವಿಯಾಗಿ ಕೋಣೆ ತುಂಬಿ, ಒಮ್ಮೆಲೇ ಹೊತ್ತಿ, ಕಿಂಡಿಯ ಕಡೆಗೆ ನುಗ್ಗುತ್ತದೆ. ಆ ದಿನ ಆದದ್ದು ಅದೇ.

ಗಾಳಿಯಲ್ಲಿ ಆರಲಿ, ಬೆಂಕಿಯಲ್ಲಿ ಉರಿಯಲಿ, ಹನಿಗೆ ಒಂದು ನಿಯಮವಿದೆ. ಅದರ ಅಗಲವನ್ನು ಅಗಲದಿಂದ ಗುಣಿಸಿದರೆ ಬರುವ ಸಂಖ್ಯೆ ಹೊತ್ತು ಹೋದಂತೆ ಒಂದೇ ಸಮನಾಗಿ ಇಳಿಯುತ್ತದೆ, ಕಾಗದದ ಮೇಲೆ ಬರೆದರೆ ನೇರ ಗೆರೆ. ನಾನು ಈ ಗೆರೆಯನ್ನು ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಗೋದಾಮಿನಲ್ಲಿ, ಚಾದರದ ಗಂಟುಗಳ ನಡುವೆ, ಬೇಸಿಗೆಯಿಡೀ ಪರೀಕ್ಷೆ ಮಾಡಿದ್ದೆ. ಸಣ್ಣ ಗಾಜಿನ ಎಳೆಯ ತುದಿಗೆ ಸ್ಪಿರಿಟಿನ ಹನಿ ತೂಗುಬಿಟ್ಟು, ಹಿಂದೆ ದೀಪ ಹಚ್ಚಿ, ಮುಂದೆ ಮಸೂರ ಇಟ್ಟು, ಹನಿಯ ದೊಡ್ಡ ನೆರಳನ್ನು ಗೋಡೆಯ ಚೌಕುಳಿ ಕಾಗದದ ಮೇಲೆ ಬೀಳಿಸುತ್ತಿದ್ದೆ. ಗಡಿಯಾರ ನೋಡುತ್ತ ನೆರಳಿನ ಸುತ್ತ ಪೆನ್ಸಿಲ್ಲಿನಿಂದ ವೃತ್ತ ಎಳೆಯುವುದು. ವೃತ್ತಗಳು ಸಣ್ಣದಾಗುತ್ತ ಹೋಗುತ್ತಿದ್ದವು, ಗೆರೆ ನೆಟ್ಟಗೆ ಇಳಿಯುತ್ತಿತ್ತು. ಅದೇ ಗೆರೆಯಿಂದ ಕೋಣೆಯ ಉದ್ದ ತೆಗೆದು, ಮೇಲೊಂದು ಗೇಣು ಕೂಡಿಸಿ, ಸಹಿ ಹಾಕಿ ಕೊಟ್ಟೆ. ಗೌಂಡಿ ಹಾಗೆಯೇ ಕಟ್ಟಿದ. ಅದಕ್ಕಿಂತ ಉದ್ದ ಕಟ್ಟಲು ಹಿಂದೆ ಜಾಗವೂ ಇರಲಿಲ್ಲ.

ಫೈರ್‌ಮನ್ ಹನ್ನೂರು ಎಂಬ ಹತ್ತಿರದ ಹಳ್ಳಿಯವನು, ವಯಸ್ಸಿನಲ್ಲಿ ನನ್ನ ತಂದೆಯ ಸರೀಕ. ಕಾರ್ಖಾನೆಯಲ್ಲಿ ಎಲ್ಲರಿಗೂ ಆತ ಮಾಮಾ, ನನಗೂ ಹಾಗೆಯೇ. ಬಾಯ್ಲರ್ ನಡೆಸಲು ಸರ್ಟಿಫಿಕೇಟ್ ಬೇಕು. ಮಾಮಾ ಅದನ್ನು ಕಲ್ಲಿದ್ದಲು ಎಳೆಯುವ ಕೂಲಿಯಿಂದ ಶುರು ಮಾಡಿ, ಮರಾಠಿಯಲ್ಲಿ ಪರೀಕ್ಷೆ ಬರೆದು ಗಳಿಸಿದ್ದ. ಬೆಂಕಿ ಹಚ್ಚುವುದಕ್ಕೆ ಒಂದು ಕಟ್ಟುನಿಟ್ಟಿನ ಕ್ರಮ ಇತ್ತು. ಕಬ್ಬಿಣದ ಸರಳಿಗೆ ಚಿಂದಿ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿದ ಪಂಜಿಗೆ ಅಲ್ಲಿ ಕಾಕಡಾ ಎನ್ನುತ್ತಿದ್ದರು. ಉರಿಯುವ ಕಾಕಡಾ ಮೊದಲು ಕಿಂಡಿಯೊಳಗೆ ಹೋಗಬೇಕು, ಆಮೇಲೆ ವಾಲ್ ಬಿಡಬೇಕು. ವಾಲ್ ಮೊದಲು ಬಿಟ್ಟು ಕಾಕಡಾ ಆಮೇಲೆ ಹಾಕಿದರೆ ಹೊತ್ತದ ಸ್ಪಿರಿಟ್ ಕೂಡಿಕೊಂಡು ಸ್ಫೋಟವಾಗುತ್ತದೆ.

ಮಾಮಾನನ್ನು ಅಕ್ಕಲಕೋಟೆಯ ದವಾಖಾನೆಗೆ ಕಳಿಸಿದ ಮೇಲೆ ಮ್ಯಾನೇಜರ್ ನನ್ನನ್ನು ತಮ್ಮ ಆಫೀಸಿಗೆ ಕರೆದರು. ವಾಲ್ ಮೊದಲು ಬಿಟ್ಟಿದ್ದಾನೆ, ತಪ್ಪು ಆತನದೇ ಎಂದು ಮರಾಠಿಯಲ್ಲಿ ಹೇಳಿದರು. ಇಲ್ಲ, ಕಾಕಡಾ ಮೊದಲು ಹೋದದ್ದನ್ನು ನಾನೇ ನೋಡಿದ್ದೇನೆ ಎಂದೆ. ನಿಮ್ಮ ಕೈಯಲ್ಲಿ ಏನಿತ್ತು ಎಂದು ಕೇಳಿದರು. ಗಡಿಯಾರ ಇತ್ತು. ಹಾಗಾದರೆ ನೀವು ಗಡಿಯಾರ ನೋಡುತ್ತಿದ್ದಿರಿ ಎಂದರು. ಮೇಜಿನ ಮೇಲಿದ್ದ ನನ್ನ ಲೆಕ್ಕವನ್ನು ನನ್ನ ಕಡೆ ತಿರುಗಿಸಿ ಇನ್ನೊಂದು ಪ್ರಶ್ನೆ ಹಾಕಿದರು: ಕಾಕಡಾ ಮೊದಲು ಹಾಕಿದ್ದರೆ ಹನಿಗಳೆಲ್ಲ ಗೋಡೆ ಮುಟ್ಟುವ ಮೊದಲೇ ಮುಗಿಯುತ್ತವೆ ಎಂದು ಇಲ್ಲಿ ಬರೆದವರು ಯಾರು? ನಾನೇ. ಹಾಗಿದ್ದರೆ ಒಳಗೆ ಹೊತ್ತದ ಸ್ಪಿರಿಟ್ ಎಲ್ಲಿಂದ ಬಂತು?

ಅವರು ಕೆಟ್ಟವರಲ್ಲ, ತರ್ಕ ನೆಟ್ಟಗಿತ್ತು. ಸಿಕ್ಕಿಬಿದ್ದವನು ನಾನು. ನನ್ನ ಕಣ್ಣು ಆ ಮನುಷ್ಯನ ಪರವಾಗಿತ್ತು, ನನ್ನ ಲೆಕ್ಕ ಅವನ ವಿರುದ್ಧವಾಗಿತ್ತು, ಎರಡೂ ನನ್ನವೇ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಸರ್ಟಿಫಿಕೇಟನ್ನು ಮ್ಯಾನೇಜರ್ ತಮ್ಮಲ್ಲೇ ಇಟ್ಟುಕೊಂಡು, ದೀಪಾವಳಿ ಮುಗಿದ ಮೇಲೆ ವಿಚಾರಣೆ ಎಂದರು. ತಪ್ಪು ಸಾಬೀತಾದರೆ ಅದು ರದ್ದಾಗಿ ಮಾಮಾ ಮತ್ತೆ ಕೂಲಿಯಾಗುತ್ತಿದ್ದ, ಅದೂ ಸುಟ್ಟ ಕೈಯ ಕೂಲಿ.

ದವಾಖಾನೆಗೆ ಹೋದೆ. ಕೈಗೆ ದಪ್ಪ ಪಟ್ಟಿ ಸುತ್ತಿದ್ದರು. ನಾನು ಕುಳಿತುಕೊಳ್ಳುವ ಮೊದಲೇ ಆತ ಶುರು ಮಾಡಿದ.

"ಕಾಕಡಾ ಮೊದಲ ಹಾಕೀನ್ರಿ ಸಾಹೇಬ್ರ. ನೀವು ನೋಡೀರಿ."

"ನೋಡೀನಿ ಮಾಮಾ. ಹೇಳೀನಿ ಸೈತ. ನಂಬವಲ್ರು."

"ಯಾಕ?"

"ನನ್ನ ಲೆಕ್ಕ ಅಡ್ಡ ಬಂದೈತಿ."

"ಲೆಕ್ಕ ಸುಳ್ಳ ಹೇಳತೈತೇನ್ರಿ?" ಎಂದ ಮಾಮಾ. ಅದು ವ್ಯಂಗ್ಯವಾಗಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನಿಗೆ ಕೇಳಿದಂತಿತ್ತು. ಹುಡುಕುತ್ತೇನೆ ಎಂದು ಹೇಳಿ ಎದ್ದುಬಂದೆ. ಎಲ್ಲಿ ಹುಡುಕಬೇಕು ಎಂಬುದು ನನಗೇ ಗೊತ್ತಿರಲಿಲ್ಲ.

ಪುಣೆಗೆ ಹೋಗಿ ನನ್ನ ಮಾರ್ಗದರ್ಶಕರನ್ನು ಕಂಡೆ. ಅವರು ಕಾಗದಗಳನ್ನೆಲ್ಲ ಮತ್ತೆ ನೋಡಿ, ಆಲ್ಕೋಹಾಲ್ ಹನಿ ಉರಿಯುವ ಮೊದಲ ಕ್ಷಣಗಳಲ್ಲಿ ನಿಯಮಕ್ಕಿಂತ ತುಸು ಬೇಗನೆ ಸಣ್ಣದಾಗುತ್ತದೆಂದು ಬೇರೆಯವರೂ ಕಂಡಿದ್ದಾರೆ, ಅಂದಮೇಲೆ ನಿನ್ನ ಕೋಣೆ ಬೇಕಾದ್ದಕ್ಕಿಂತ ಉದ್ದವೇ ಇದೆ ಎಂದರು. ಗಾಬರಿಯಲ್ಲಿ ಕಣ್ಣು ಮೋಸ ಹೋಗುತ್ತದೆ ಎಂದೂ ಸಮಾಧಾನ ಹೇಳಿದರು. ಈ ಗೆರೆ ಬಿದ್ದರೆ ಪ್ರಬಂಧದ ಅರ್ಧ ಬೀಳುತ್ತದೆ ಎಂದು ಅವರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ವಾಪಸ್ಸು ಬರುವಾಗ ರೈಲಿನಲ್ಲಿ ನನಗೇ ಅನುಮಾನ ಹತ್ತಿತು. ನಿಜವಾಗಿಯೂ ಕಾಕಡಾ ಮೊದಲು ಹೋಗಿತ್ತೇ? ನೆನಪನ್ನು ಎಷ್ಟು ಸಲ ತಿರುವಿ ನೋಡಿದೆನೋ ಅದು ಅಷ್ಟು ಸವೆಯಿತು. ಆ ರಾತ್ರಿಯ ಪ್ರಯಾಣದಷ್ಟು ಹೇಡಿಯಾಗಿ ನಾನು ಎಂದೂ ಇರಲಿಲ್ಲ.

ಮನೆಗೆ ಬಂದರೆ ನನ್ನ ಸಾಮಾನೆಲ್ಲ ಗೋದಾಮಿನ ಬಾಗಿಲ ಹೊರಗೆ ಇತ್ತು. ಹಬ್ಬದ ಮಾಲು ಬಂದಿತ್ತು, ಗಂಟುಗಳು ಛಾವಣಿ ಮುಟ್ಟಿದ್ದವು. "ಇಂಜಿನಿಯರ್ ಸಾಹೇಬ್ರ, ನಿಮ್ಮ ದೀಪದಾಟ ಮುಗೀತು. ದೀಪಾವಳಿ ಪಾಡ್ಯಾದಿಂದ ಅಂಗಡ್ಯಾಗ ಕುಂಡ್ರು" ಎಂದು ಕಾಕಾ ಹೇಳಿದ. ಕಾಕಾನಿಗೆ ನನ್ನ ಮೇಲೆ ಪ್ರೀತಿ ಇತ್ತು, ನನ್ನ ಹನಿಗಳ ಮೇಲೆ ಇರಲಿಲ್ಲ. ಕೈಕಾಲು ಹಿಡಿದು ದೀಪಾವಳಿಯವರೆಗೆ ನಮ್ಮ ಮಗ್ಗದ ಶೆಡ್ಡಿನ ಒಂದು ಮೂಲೆ ಕೇಳಿಕೊಂಡೆ.

ಸೊಲ್ಲಾಪುರದ ಗಾಳಿ ಒಣ. ಒಣ ಗಾಳಿಯಲ್ಲಿ ನೂಲು ಪಟಪಟ ಹರಿಯುತ್ತದೆ. ಅದಕ್ಕೆ ಶೆಡ್ಡಿನ ನೆಲಕ್ಕೆ ದಿನವೂ ನೀರು ಹೊಡೆದು, ಕಿಟಕಿಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾರೆ. ನೇಯ್ದ ಚಾದರಕ್ಕೆ ಮಾತ್ರ ತೇವ ವೈರಿ, ಬೂಷ್ಟು ಹಿಡಿಯುತ್ತದೆ. ನೂಲಿಗೆ ಹಸಿ, ಅರಿವೆಗೆ ಒಣ ಎನ್ನುವುದು ನಮ್ಮ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವ ಪಾಠ. ನನ್ನ ಮಸೂರ, ದೀಪಗಳನ್ನು ಮೊದಲ ದಿನವೇ ಅರಿವೆಯ ಕಡೆ, ಒಣ ಗೋದಾಮಿಗೆ, ಸೇರಿಸಿದವನು ನಾನು. ಬೆಲೆಯುಳ್ಳ ಸಾಮಾನು ಒಣ ಜಾಗದಲ್ಲಿರಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ನೂಲಿನ ಕಡೆ ಬಂದು ಬಿದ್ದಿದ್ದೆ. ಮಗ್ಗ ನಡೆಯುವಾಗ ಹನಿ ನಡುಗುತ್ತಿತ್ತು, ಹೀಗಾಗಿ ಊಟದ ಬಿಡುವಿನಲ್ಲಿ ಮಾತ್ರ ಕೆಲಸ. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಬುತ್ತಿ ತಂದವಳು ಅಲ್ಲೇ ನಿಲ್ಲುತ್ತಿದ್ದಳು. ವಿಜಾಪುರದ ಕಡೆಯವಳು, ಮ್ಯಾಟ್ರಿಕ್ಕಿನಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದು, ಆಮೇಲೆ ಹಿಟ್ಟು ನಾದಲು ಬಂದವಳು. ನಾನು ಗಡಿಯಾರ ನೋಡಿ "ಹಾಂ" ಎಂದರೆ ಅವಳು ನೆರಳಿನ ಸುತ್ತ ವೃತ್ತ ಎಳೆಯುತ್ತಿದ್ದಳು. ಅವಳ ವೃತ್ತಗಳು ನನ್ನವಕ್ಕಿಂತ ಗುಂಡಗಿದ್ದವು. ಚಪಾತಿ ಲಟ್ಟಿಸಿದ ಕೈ ಎಂದು ಅಣಕಿಸಿದೆ, ಹಾಗಾದರೆ ನಿಮ್ಮ ಪ್ರಾಧ್ಯಾಪಕರಿಗೂ ಲಟ್ಟಣಿಗೆ ಕೊಡಿರಿ ಎಂದಳು.

ಗೆರೆ ಬಾಗಿತು. ಹನಿ ಮೊದಲು ನಿಯಮಕ್ಕಿಂತ ಬೇಗ ಸಣ್ಣದಾಗಿ, ಆಮೇಲೆ ನಿಧಾನವಾಗಿ, ಕೊನೆಗೆ ಹೋಗಲೊಲ್ಲೆ ಎಂದು ಎಳೆಯ ತುದಿಗೆ ಅಂಟಿಕೊಂಡೇ ಉಳಿಯುತ್ತಿತ್ತು. ಗೋದಾಮಿನಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ದೀಪ ಬದಲಿಸಿದೆ. ಗಾಜಿನ ಎಳೆ ಬದಲಿಸಿದೆ. ಸ್ಪಿರಿಟಿನಲ್ಲೇ ನೀರಿರಬಹುದೆಂದು ಸುಣ್ಣದ ಹರಳು ಹಾಕಿ, ಇದ್ದಬದ್ದ ನೀರನ್ನೆಲ್ಲ ಎಳೆದು ತೆಗೆದ ಹೊಸ ಸೀಸೆ ತಂದೆ. ಗೆರೆ ಮತ್ತೆ ಬಾಗಿತು. ನವರಾತ್ರಿ ಬಂತು, ಹೋಯಿತು. ಒದ್ದೆ ಗೋಣಿಯ ನಾತ, ಮಗ್ಗಗಳ ಖಟಖಟ, ಕಾಕಾನ ಪಾಡ್ಯದ ಮಾತು, ಅಕ್ಕಲಕೋಟೆಯಲ್ಲಿ ಪಟ್ಟಿ ಸುತ್ತಿಕೊಂಡು ಕುಳಿತವನ ನೆನಪು. ಯಾರಾದರೂ ಎತ್ತರದ ದನಿಯಲ್ಲಿ ಮಾತಾಡಿದರೆ ಹರಿಹಾಯುತ್ತಿದ್ದೆ. ಒಂದು ದಿನ ವೈನಿಯ ಮೇಲೂ ಹರಿಹಾಯ್ದೆ. ಅವಳು ಪೆನ್ಸಿಲ್ ಕೆಳಗಿಟ್ಟು ಹೋದಳು, ಮರುದಿನ ಏನೂ ಆಗದವಳಂತೆ ಬಂದಳು.

ಆ ಮರುದಿನವೇ ಅದು ಆಯಿತು. ಬಿಡುವು ಮುಗಿಯಲು ಬಂದಿತ್ತು, ಹಳೆಯ ಹನಿ ಎಳೆ ಬಿಟ್ಟು ಹೋಗಿರಲಿಲ್ಲ. ಬೇಗ ಸುಟ್ಟುಹೋಗಲಿ ಎಂದು ಕಡ್ಡಿ ಗೀರಿ ಹಿಡಿದೆ. ಹನಿ ಹೊತ್ತಿಕೊಳ್ಳಲಿಲ್ಲ. ಚುಯ್ ಎಂದು ಕುದಿದು ಹೋಯಿತು.

"ಭಾವೋಜಿ, ಇದು ಸ್ಪಿರಿಟ್ ಹೌದಲ್ರಿ?" ಎಂದಳು ವೈನಿ.

ಸೀಸೆಯಿಂದ ಒಂದು ಚಮಚ ಸುರಿದು ಕಡ್ಡಿ ಹಿಡಿದೆ. ಪೂರ್ತಿ ಉರಿದು ಚಮಚ ಒಣಗಿತು. ಸೀಸೆಯಲ್ಲಿ ನೀರಿರಲಿಲ್ಲ, ಹನಿಯಲ್ಲಿ ಇತ್ತು. ಅಂದರೆ ಎಳೆಗೆ ತೂಗಾಡುತ್ತಿದ್ದಾಗಲೇ ಅದು ಶೆಡ್ಡಿನ ಹಸಿ ಗಾಳಿಯಿಂದ ನೀರು ಕುಡಿದಿತ್ತು. ಸೂಜಿ ಚುಚ್ಚುವ ಮೊದಲು ನರ್ಸ್ ಸ್ಪಿರಿಟ್ ಹಚ್ಚಿದರೆ ತೋಳು ತಣ್ಣಗಾಗುತ್ತದಲ್ಲ, ಹಾಗೆ ಆರುವ ಹನಿ ತಾನೇ ತಣ್ಣಗಾಗುತ್ತದೆ. ತಣ್ಣನೆಯದರ ಮೇಲೆ ಗಾಳಿಯ ನೀರು ಕೂಡುತ್ತದೆ. ಸ್ಪಿರಿಟ್ ಅದನ್ನು ತನ್ನೊಳಗೆ ಬೆರೆಸಿಕೊಂಡು ಬಿಟ್ಟುಕೊಡುವುದಿಲ್ಲ. ಕೂಡುವ ನೀರಾವಿ ತನ್ನ ಶಾಖವನ್ನು ಹನಿಗೆ ಕೊಡುವುದರಿಂದ ಸ್ಪಿರಿಟ್ ಮೊದಮೊದಲು ಬೇಗ ಹೊರಡುತ್ತದೆ. ಅದು ಹೋಗುತ್ತ ಹೋಗುತ್ತ ನೀರೇ ಹೆಚ್ಚಾಗಿ, ಕೊನೆಗೆ ನಿಧಾನ. ಬಾಗಿದ ಗೆರೆಯ ಎರಡೂ ತುದಿಗೆ ಒಂದೇ ಕಾರಣ ಸಿಕ್ಕಿತು. ನಾನು ಶೆಡ್ಡಿನಲ್ಲೇ ಕುಣಿಯುವುದೊಂದು ಬಾಕಿ.

ಸಂಜೆಯಾಗುವಷ್ಟರಲ್ಲಿ ಆ ಖುಷಿ ಇಳಿಯಿತು. ಕಾರ್ಖಾನೆಯ ಉರಿಯ ಕೋಣೆ ಮಗ್ಗದ ಶೆಡ್ ಅಲ್ಲ. ಅಲ್ಲಿ ಒದ್ದೆ ಗೋಣಿ ಎಲ್ಲಿದೆ, ಬೆಂಕಿಯ ನಡುವೆ ನೀರು ಎಲ್ಲಿಂದ ಬಂತು ಎಂದು ಮ್ಯಾನೇಜರ್ ಕೇಳಿದರೆ? ಒಂದು ಗೋಡೆ ಒಡೆದು ಹೊರಬಂದರೆ ಎದುರಿಗೆ ಇನ್ನೊಂದು ಗೋಡೆ. ಬಾಗಿಲು ಹಾಕಿಕೊಂಡು ಅತ್ತೆ. ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಉತ್ತರ ಸಿಕ್ಕಿದ್ದು ಅಡಿಗೆಮನೆಯಲ್ಲಿ, ಬೆಳಗಿನ ಚಹಾದ ಹೊತ್ತಿಗೆ. ನಮ್ಮ ಮನೆಯಲ್ಲಿ ಸಣ್ಣ ಸ್ಪಿರಿಟ್ ಸ್ಟವ್ ಇತ್ತು. ವೈನಿ ತಣ್ಣೀರು ತುಂಬಿದ ಪಾತ್ರೆಯನ್ನು ಉರಿಯ ಮೇಲಿಟ್ಟಳು. ಪಾತ್ರೆಯ ಬುಡ ಮೊದಲು ಬೆವರಿತು, ಒಂದೆರಡು ಹನಿ ಉರಿಯ ಮೇಲೇ ಬಿದ್ದು ಚುರುಗುಟ್ಟಿತು, ಆಮೇಲೆ ಒಣಗಿತು. ದಿನವೂ ಆಗುವುದೇ. ಆ ನೀರು ಪಾತ್ರೆಯೊಳಗಿನದಲ್ಲ, ಉರಿಯದು. ಸ್ಪಿರಿಟ್ ಉರಿದರೆ ನೀರಾವಿ ಹುಟ್ಟುತ್ತದೆ, ಸುಟ್ಟ ಸ್ಪಿರಿಟಿನ ತೂಕಕ್ಕಿಂತಲೂ ಹೆಚ್ಚಿಗೆ. ಇದನ್ನು ನಾನು ಎಷ್ಟೋ ಸಲ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಉರಿಯ ಕೋಣೆಯಲ್ಲಿ ಪ್ರತಿ ಹನಿಯೂ ಮುಂದೆ ಉರಿದ ಹನಿಗಳ ನೀರಾವಿಯೊಳಗೇ ಹಾರುತ್ತಿತ್ತು. ಸುತ್ತ ಎಂಥ ಬೆಂಕಿಯಿದ್ದರೂ ಹನಿ ತನ್ನ ಕುದಿಯುವ ಬಿಸಿಯನ್ನು ದಾಟಲಾರದು, ಬೆಂಕಿಗೆ ಹೋಲಿಸಿದರೆ ಅದು ಆ ಪಾತ್ರೆಯ ಬುಡದಷ್ಟೇ ತಣ್ಣಗೆ. ಒದ್ದೆ ಗೋಣಿ ಬೇಕಾಗಿರಲಿಲ್ಲ. ಉರಿಯೇ ತನ್ನ ಹನಿಗಳಿಗೆ ನೀರು ಕುಡಿಸುತ್ತಿತ್ತು.

ಇನ್ನು ಲೆಕ್ಕ. ಮೊದಲು ಇದ್ದದ್ದು ಒಂದು ನೇರ ಗೆರೆ. ಈಗ ಸ್ಪಿರಿಟ್ ಎಷ್ಟು ಹೋಗುತ್ತದೆ, ನೀರು ಎಷ್ಟು ಬರುತ್ತದೆ, ಹನಿ ಎಷ್ಟು ಬಿಸಿಯಾಗುತ್ತದೆ ಎಂಬ ಮೂರೂ ಒಂದರ ಜುಟ್ಟು ಒಂದು ಹಿಡಿದುಕೊಂಡಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದೇ ಸಮೀಕರಣದಲ್ಲಿ ಉತ್ತರ ಬರುವುದಿಲ್ಲ. ಹನಿಯ ಆಯುಷ್ಯವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದು ತುಂಡಿನ ಕೊನೆಯ ಸ್ಥಿತಿಯನ್ನು ಮುಂದಿನದರ ಮೊದಲಿಗೆ ಇಟ್ಟು, ಮೆಟ್ಟಿಲು ಇಳಿದಂತೆ ಇಳಿಯಬೇಕು. ಕಾಕಾನ ಅಂಗಡಿಯಲ್ಲಿ ಹಿಡಿ ತಿರುಗಿಸಿ ಗುಣಿಸುವ ಯಂತ್ರವೊಂದಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಅದನ್ನು ಮನೆಗೆ ತರುತ್ತಿದ್ದೆ. ವೈನಿ ಹಿಡಿ ತಿರುಗಿಸಿ ಅಂಕಿ ಓದುವುದು, ನಾನು ಕಾಲಮಿನಲ್ಲಿ ತುಂಬುವುದು. ಒಮ್ಮೆ ಒಂದು ಸೊನ್ನೆ ಆಚೀಚೆಯಾಗಿ, ಅದು ಗೊತ್ತಾಗುವ ಹೊತ್ತಿಗೆ ಹಾಳೆಗಟ್ಟಲೆ ಕೆಲಸ ನೀರುಪಾಲಾಗಿತ್ತು. ಹಾಳೆ ಹರಿದುಹಾಕಿದೆವು, ಮತ್ತೆ ಮೊದಲಿನಿಂದ ಕುಳಿತೆವು.

ಉತ್ತರ ಸ್ಪಷ್ಟವಾಗಿತ್ತು. ನಮ್ಮ ಬರ್ನರ್ ಸಿಂಪಡಿಸುವ ಗಾತ್ರದ ದೊಡ್ಡ ಹನಿಗಳು ಆ ಕೋಣೆಯಲ್ಲಿ ಮುಗಿಯುವುದಿಲ್ಲ. ಕಾಕಡಾ ಎಷ್ಟೇ ಮೊದಲು ಹಾಕಲಿ, ಅವುಗಳಲ್ಲಿ ಉರಿಯದೆ ಉಳಿದ ತುಣುಕು ಗೋಡೆಗೆ ಬಡಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನೀರು, ಉಳಿದದ್ದು ಸ್ಪಿರಿಟ್.

ಮಾರ್ಗದರ್ಶಕರಿಗೆ ತಿಳಿಸಿದೆ. ಅವರು ತಳ್ಳಿಹಾಕಲಿಲ್ಲ. ಆದರೆ ಪರೀಕ್ಷಿಸದ ಲೆಕ್ಕವನ್ನು ವಿಚಾರಣೆಗೆ ಒಯ್ಯಬೇಡ, ಕಾರಣ ಗೊತ್ತಿಲ್ಲ ಎಂದು ಹೇಳಿ ಬಾ ಎಂದರು. ವಿಜ್ಞಾನದ ದೃಷ್ಟಿಯಿಂದ ಅದು ಸರಿಯಾದ ಮಾತು. ಆದರೆ ಗೊತ್ತಿಲ್ಲ ಎಂದರೆ ಹಳೆಯ ಲೆಕ್ಕ ನಿಲ್ಲುತ್ತಿತ್ತು, ಮಾಮಾ ಬೀಳುತ್ತಿದ್ದ. ನಾನು ಹಳೆಯ ಲೆಕ್ಕ ಹಿಂತೆಗೆದುಕೊಳ್ಳುತ್ತೇನೆಂದು ಮ್ಯಾನೇಜರಿಗೆ ಬರೆದು ಕೊಟ್ಟೆ. ವಿಚಾರಣೆಯ ದಿನ ಎಲ್ಲರ ಎದುರು ಮತ್ತೊಮ್ಮೆ ಬರ್ನರ್ ಹಚ್ಚೋಣ, ಕಾಕಡಾ ಮೊದಲು ಹೋಗುವುದನ್ನು ನೀವೇ ನೋಡಿ, ಹಿಂದಿನ ಗೋಡೆಯ ಬುಡದಲ್ಲಿ ಒಂದು ಕಬ್ಬಿಣದ ಪರಾತ, ಅಂಚಿರುವ ಅಗಲ ತಟ್ಟೆ, ಇಡೋಣ, ಇಟ್ಟಿಗೆ ಕಾಯುವ ಮೊದಲೇ ಆರಿಸಿ ಪರಾತ ಹೊರಗೆ ತೆಗೆಯೋಣ ಎಂದು ಕೇಳಿಕೊಂಡೆ. ಒದ್ದೆಯಾಗಿ ಬಂದರೆ ತಪ್ಪು ನನ್ನ ಕೋಣೆಯದು. ಒಣಗಿ ಬಂದರೆ ಮಾಮಾನದು. ಮ್ಯಾನೇಜರ್ ಒಪ್ಪಿದರು.

ಒಪ್ಪಿದ ಮೇಲೆ ನನಗೆ ಭಯ ಹತ್ತಿತು. ಕೈಯಿಂದ ತಿರುಗಿಸಿದ ಒಂದು ಯಂತ್ರದ ಮೇಲೆ ಇನ್ನೊಬ್ಬನ ಅನ್ನವನ್ನು ಪಣ ಇಟ್ಟಿದ್ದೆ. ಮಾಮಾನನ್ನು ಕೇಳದೆ ಮಾಡುವ ಹಾಗಿರಲಿಲ್ಲ. ಕಾರ್ಖಾನೆಯ ಕೆಲಸಗಾರರು ಇರುವ ಚಾಳಿನಲ್ಲಿ ಆತನ ಖೋಲಿಗೆ ಹೋಗಿ ಎಲ್ಲ ಹೇಳಿದೆ.

"ಪರಾತ ಒಣಾ ಬಂದ್ರ ನಿಮ್ಮ ಸರ್ಟಿಫಿಕೇಟ್ ಹೋಗತೈತಿ ಮಾಮಾ. ಬ್ಯಾಡ ಅಂದ್ರ ಈಗ ಹೇಳ್ರಿ."

"ನಾ ಕಾಕಡಾ ಮೊದಲ ಹಾಕೀನಿ. ಒಣಾ ಹೆಂಗ ಬರ್ತೈತ್ರಿ?" ಎಂದ ಮಾಮಾ. "ವಿಚಾರಣೆ ದಿನಾನೂ ಹಚ್ಚಾಂವ ನಾನ" ಎಂದೂ ಹೇಳಿದ.

ಆತನ ಖಾತ್ರಿ ನನ್ನ ಲೆಕ್ಕದಿಂದ ಬಂದದ್ದಲ್ಲ. ಅಷ್ಟು ಖಾತ್ರಿ ನನಗೆ ಇರಲಿಲ್ಲ.

ವಿಚಾರಣೆಯ ದಿನ ಮಾಮಾ ಎಡಗೈಯಲ್ಲಿ ಕಾಕಡಾ ಹಿಡಿದಿದ್ದ. ಬಲಗೈಯ ಪಟ್ಟಿ ಬಿಚ್ಚಿದ್ದರು, ಚರ್ಮ ಬಿಗಿದುಕೊಂಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಿಂಡಿಯ ಮುಂದೆ ಬರುವಾಗ ಆತನ ಹೆಜ್ಜೆ ಒಂದು ಕ್ಷಣ ನಿಂತದ್ದನ್ನು ನೋಡಿದೆ. ನಾನು ಹೋಗಿ ಪಕ್ಕದಲ್ಲಿ ನಿಂತೆ, ಈ ಸಲ ಕೈಯಲ್ಲಿ ಗಡಿಯಾರ ಹಿಡಿದಿರಲಿಲ್ಲ. ಕಾಕಡಾ ಒಳಗೆ ಹೋಯಿತು. ಹೋಯಿತು ಎಂದು ಮ್ಯಾನೇಜರ್ ತಾವೇ ಗಟ್ಟಿಯಾಗಿ ಹೇಳಿದರು. ಆಮೇಲೆ ಮಾಮಾ ವಾಲ್ ಬಿಟ್ಟ. ಉರಿ ಹತ್ತಿತು, ಸ್ವಲ್ಪ ಹೊತ್ತು ನೀಲಿಯಾಗಿ ಸದ್ದು ಮಾಡಿತು. ಸಾಕು ಎಂದೆ, ವಾಲ್ ಮುಚ್ಚಿದ. ಒಳಗಿನ ಆವಿ ಹೋಗಲೆಂದು ಫ್ಯಾನ್ ಹಾಕಿ ಕಾದೆವು. ಹಿಂದಿನ ಬಾಗಿಲು ತೆಗೆದು ಕೊಕ್ಕೆಯಿಂದ ಪರಾತ ಎಳೆದರು.

ಒದ್ದೆಯಾಗಿತ್ತು. ತಳದಲ್ಲಿ ಬೊಗಸೆಯಷ್ಟು ದ್ರವ ತುಳುಕುತ್ತಿತ್ತು.

ಮ್ಯಾನೇಜರ್ ಕಡ್ಡಿ ಗೀರಿ ಹಿಡಿದರು. ಹೊತ್ತಲಿಲ್ಲ. ಇದು ಬರಿ ನೀರು, ಇದರಿಂದ ಬೆಂಕಿ ಹೇಗೆ ಬಂತು ಎಂದರು. ನಾನು ಕಾದಿದ್ದ ಪ್ರಶ್ನೆ ಅದು. ನಿಮ್ಮ ಭಟ್ಟಿಯಲ್ಲಿ ದಿನವೂ ನಡೆಯುವುದೇ ಇದು, ನೀರು ಬೆರೆತ ಸ್ಪಿರಿಟ್ ಕಾಯಿಸಿದರೆ ಮೊದಲು ಏಳುವುದು ಯಾವುದು ಎಂದು ಕೇಳಿ, ಪರಾತವನ್ನು ಕೆಂಡದ ಮೇಲೆ ಇಡಿಸಿದೆ. ಬೆಚ್ಚಗಾಗುತ್ತಿದ್ದಂತೆ ಉದ್ದ ಕೋಲಿನ ತುದಿಯ ಉರಿ ಹಿಡಿದೆ. ಭಪ್ ಎಂದಿತು. ನೀಲಿ ಉರಿ ಪರಾತದ ಮೇಲೆ ಎದ್ದು ಓಡಾಡಿತು, ಎಲ್ಲರೂ ಹಿಂದೆ ಸರಿದರು. ಇಟ್ಟಿಗೆ ಕಾದ ಹೊತ್ತಿಗೆ ಮಾಮಾನ ಕೈಯ ಮೇಲೆ ಬಂದದ್ದು ಇದೇ. ಬರ್ನರಿಗೆ ಹೋಗುವ ಪೀಪಾಯಿಯ ಸ್ಪಿರಿಟನ್ನು ಚಮಚದಲ್ಲಿ ಸುಟ್ಟೂ ತೋರಿಸಿದೆ, ಚಮಚ ಒಣಗಿತು, ಅಂದರೆ ನೀರು ಪೀಪಾಯಿಯದಲ್ಲ. ಮ್ಯಾನೇಜರ್ ಕಪಾಟು ತೆಗೆಸಿ ಸರ್ಟಿಫಿಕೇಟನ್ನು ಮಾಮಾನಿಗೆ ಕೊಟ್ಟರು.

ಕೋಣೆ ಉದ್ದ ಮಾಡಲು ಜಾಗ ಇರಲಿಲ್ಲವಾದ್ದರಿಂದ ಹನಿ ಸಣ್ಣದು ಮಾಡಿದೆವು. ಬರ್ನರಿನ ಒಂದು ದೊಡ್ಡ ತೂತಿನ ಬದಲು ಹಲವು ಸಣ್ಣ ತೂತು, ಪಂಪಿಗೆ ಹೆಚ್ಚಿನ ಒತ್ತಡ. ಹನಿಯ ಅಗಲ ಅರ್ಧವಾದರೆ ಆಯುಷ್ಯ ಹೆಚ್ಚುಕಡಿಮೆ ಕಾಲು ಭಾಗ, ನೀರು ಕುಡಿಯಲು ಅದಕ್ಕೆ ಪುರಸೊತ್ತಿಲ್ಲ. ಆಮೇಲೆ ಪರಾತ ಒಣಗಿಯೇ ಬರುತ್ತಿತ್ತು. ನನ್ನ ಪ್ರಬಂಧವನ್ನು ಮೊದಲಿನಿಂದ ಬರೆಯಬೇಕಾಯಿತು. ಕಾಕಾ ಮುಖ ಗಂಟಿಕ್ಕಿಕೊಂಡೇ ಗುಣಿಸುವ ಯಂತ್ರವನ್ನು ಮನೆಯಲ್ಲಿ ಬಿಟ್ಟ.

ಸಂಕ್ರಾಂತಿಯ ಸುಮಾರಿಗೆ ಮಾಮಾ ಸೊಲ್ಲಾಪುರದ ನಮ್ಮ ಅಂಗಡಿಗೆ ಬಂದ. ಚಹಾ ಕುಡಿಯಲಿಲ್ಲ. ಸರ್ಟಿಫಿಕೇಟಿನ ಕಾಗದ ಕೈಗೆ ಬಂತು, ಆದರೆ ಹನ್ನೂರಿನಲ್ಲಿ ಆ ಕಾಗದ ಓದುವವರು ಯಾರೂ ಇಲ್ಲ, ಬೇಫಿಕೀರಿಯಿಂದ ಕೈ ಸುಟ್ಟುಕೊಂಡ, ಮಾಲೀಕರು ಕನಿಕರದಿಂದ ಇಟ್ಟುಕೊಂಡಿದ್ದಾರೆ ಎಂದೇ ಊರು ಮಾತಾಡುತ್ತದೆ ಎಂದ. ನೀವು ಬಂದು ಹೇಳಬೇಕು ಎಂದ. ಮರುದಿನ ಬಸ್ ಹತ್ತಿದೆ.

ಮಾಮಾನ ಮನೆಯ ಕಟ್ಟೆಯ ಮೇಲೆ ಊರಿನ ಹಿರಿಯರು ಕುಳಿತಿದ್ದರು, ಜೋಳದ ಹೊಲದಿಂದ ನೆಟ್ಟಗೆ ಬಂದವರು. ನಾನು ಹನಿಯಿಂದ ಶುರು ಮಾಡಿದೆ. ನೀರಾವಿ ಹೇಳಿದೆ, ಚಹಾದ ಪಾತ್ರೆಯ ಬುಡ ಹೇಳಿದೆ, ಪರಾತ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ತಲೆದೂಗಿದರು. ಯಾರಿಗೂ ತಿಳಿಯಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯರಾದ ಗೌಡರು ಕೈ ಎತ್ತಿ ನನ್ನನ್ನು ತಡೆದರು.

"ಇವ ಕಾಕಡಾ ಮೊದಲ ಹಾಕಿದ್ನೋ ಇಲ್ಲೋ, ಅಷ್ಟ ಹೇಳ್ರಿ."

"ಹಾಕಿದ್ದ. ನಾ ನೋಡೀನಿ."

"ಮತ್ತ ಇಷ್ಟ ದಿನ ತಪ್ಪ ಇವಂದ ಅಂತ ಅಂದಾಂವ ಯಾರು?"

"ಯಾರೂ ಅಲ್ರಿ. ಲೆಕ್ಕ ಅಂತಿತ್ತು."

"ಲೆಕ್ಕ ಯಾರದು?"

"ನಂದ."

ನಾನು ತಲೆ ಎತ್ತಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಾಮಾನ ದನಿ ಕೇಳಿತು.

"ಲೆಕ್ಕ ಅವರದ ಐತ್ರಿ ಗೌಡ್ರ. ಅದನ್ನ ಮುರದಾಂವ್ರೂ ಅವರ. ನನ್ನ ಸಲುವಾಗಿ ಮುರದ್ರು."

ಗೌಡರು ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲಿ ಜಾಗ ಮಾಡಿ, ಕುಂಡ್ರು ತಮ್ಮಾ ಎಂದರು. ನಾನು ಅಲ್ಲಿಯವರೆಗೂ ನಿಂತೇ ಇದ್ದೆ.